ಕಲ್ಲಿನ ಮೇಲಿನ ಹೆಸರು ಯಾರದು?

ನವೆಂಬರ್ ಬಂತೆಂದರೆ ಬ್ರಿಟನ್ನಿನ ಊರೂರಿನ ಯುದ್ಧ ಸ್ಮಾರಕಗಳ ಬುಡದಲ್ಲಿ ಕೆಂಪು ಪಾಪಿ ಹೂಗಳ ಹಾರ. ನಮ್ಮ ಊರಿನ ಮೊದಲ ಮಹಾಯುದ್ಧದ ಸ್ಮಾರಕದಲ್ಲಿ ಒಂದು ಹೆಸರು ಯಾರದೆಂದು ಇನ್ನೂ ಇತ್ಯರ್ಥವಾಗಿಲ್ಲ. ಇಲ್ಲಿನ ಇತಿಹಾಸ ಬಳಗದವರ ಜೊತೆ ನಮ್ಮ ಕನ್ನಡ ಸಂಘದ ಕೆಲವರೂ ಇದರ ಬೆನ್ನು ಹತ್ತಿದ್ದೇವೆ. ಕಲ್ಲಿನಲ್ಲಿರುವುದು 'ಬಿ' ಎಂಬ ಇನಿಷಿಯಲ್, ಜೊತೆಗೆ ಆಗ ಬೀದಿಗೊಂದು ಮನೆಯಲ್ಲಿದ್ದ ಒಂದು ಸರ್‌ನೇಮ್. ದಳ ಯಾವುದೋ, ಸತ್ತದ್ದು ಎಂದೋ, ಬರೆದಿಲ್ಲ.

ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ತೆರೆದು, ಮೊದಲು ಸಿಕ್ಕವನನ್ನೇ 'ಇವನೇ' ಅಂದುಬಿಡುವವರಿದ್ದಾರೆ. ಅವಸರ ಅದು. 1920ರ ಆಸುಪಾಸಿನಲ್ಲಿ ಇಂಥ ಸ್ಮಾರಕಗಳನ್ನು ನಿಲ್ಲಿಸಿದ್ದು ಸರ್ಕಾರವಲ್ಲ, ಊರವರ ಸಮಿತಿಗಳು. ಮನೆಯವರು ಹೇಳಿದ ಹೆಸರೇ ಎಷ್ಟೋ ಸಲ ಕಲ್ಲಿಗೇರಿತು. ಮನೆಯಲ್ಲಿ 'ಬರ್ಟ್' ಅನ್ನಿಸಿಕೊಂಡವನು ಸೈನ್ಯದ ಕಡತದಲ್ಲಿ ಆಲ್ಬರ್ಟ್ ಇರಬಹುದು, ಹರ್ಬರ್ಟ್ ಇರಬಹುದು. ಶಾಲೆಯ ಹಾಜರಿಯಲ್ಲಿ ವೆಂಕಟೇಶ, ಕೇರಿಗೆಲ್ಲ ಪುಟ್ಟಣ್ಣ: ನಮಗಿದು ಹೊಸದೇ?

ಕಡತ ನೋಡೋಣವೆಂದರೆ, 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಲಂಡನ್ನಿನ ಉಗ್ರಾಣಕ್ಕೆ ಬೆಂಕಿ ಬಿದ್ದು, ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದದ್ದರಲ್ಲಿ ನನಗೆ ಹೆಚ್ಚು ನಂಬಿಕೆ ಬಾಕಿ ಸಂಬಳದ ಲೆಡ್ಜರಿನ ಮೇಲೆ. ಸತ್ತವನಿಗೆ ಸಲ್ಲಬೇಕಾದ ಹಣ ಯಾರ ಕೈಸೇರಿತು ಎಂದು ಅದರಲ್ಲಿದೆ: ತಾಯಿ, ಹೆಂಡತಿ, ಅಣ್ಣ. ದುಡ್ಡಿನ ಲೆಕ್ಕ ಬರೆಯುವಾಗ ಗುಮಾಸ್ತರು ಎಚ್ಚರವಾಗಿರುತ್ತಾರೆ.

ನಮ್ಮ ಮುಂದಿರುವವರು ಇಬ್ಬರು. ಒಬ್ಬ ಇದೇ ಊರಲ್ಲಿ ಹುಟ್ಟಿದವನು, ಆದರೆ 1911ರ ಜನಗಣತಿಯ ಹೊತ್ತಿಗೆ ಅವನ ಮನೆಯವರು ಊರು ಬಿಟ್ಟಿದ್ದರು. ಇನ್ನೊಬ್ಬ ಬೇರೆಲ್ಲೋ ಹುಟ್ಟಿದವನು, ಲೆಡ್ಜರಿನಲ್ಲಿರುವ ಅವನ ತಾಯಿಯ ಹೆಸರಿನ ವಿಧವೆಯೊಬ್ಬಳು ಅದೇ ಜನಗಣತಿಯಲ್ಲಿ ಇಲ್ಲಿನ ಗಿರಣಿ ಬೀದಿಯಲ್ಲಿದ್ದಾಳೆ. ಸಮಿತಿಯವರು ಬಾಗಿಲು ತಟ್ಟಿದ್ದರೆ ತೆರೆದವಳು ಅವಳೇ ಎಂದು ನನ್ನ ವಾದ. ಬಳಗದ ಹಿರಿಯರೊಬ್ಬರು ಒಪ್ಪುವುದಿಲ್ಲ. ಒಬ್ಬನ ಹೆಸರೇ ಎರಡು ಮೂರು ಊರುಗಳ ಕಲ್ಲಿನಲ್ಲಿರುವುದುಂಟು, ಮೊದಲನೆಯವನ ಹೆಸರನ್ನು ಇಲ್ಲೇ ಉಳಿದ ಚಿಕ್ಕಮ್ಮನೋ ಅಜ್ಜಿಯೋ ಕೊಟ್ಟಿರಬಾರದೇಕೆ ಎನ್ನುತ್ತಾರೆ. ತಳ್ಳಿಹಾಕುವ ಮಾತಲ್ಲ. ಹಾಗಾಗಿ ಈ ವರ್ಷದ ಕಿರುಹೊತ್ತಗೆಯಲ್ಲಿ ಇಬ್ಬರೂ ಇರುತ್ತಾರೆ, ಇಬ್ಬರ ಮುಂದೆಯೂ 'ಬಹುಶಃ'.

ಇದೇ ಕಷ್ಟ ನಮ್ಮವರ ಪಟ್ಟಿಯಲ್ಲೂ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಹಿಡಿದ ಮೈಸೂರು ಲ್ಯಾನ್ಸರ್ಸ್, ಮೈಸೂರು ಸಂಸ್ಥಾನದ ಕುದುರೆ ದಳ, ಗೊತ್ತಲ್ಲ? ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಮಡಿದ ಭಾರತೀಯ ಸೈನಿಕರಿಗೆಂದು 1926ರಲ್ಲಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯಲ್ಲಿ ಸ್ಮಾರಕ ಎದ್ದಿತು. ಅರಬ್-ಇಸ್ರೇಲ್ ಕದನಗಳಲ್ಲಿ ಅದು ಹಾಳಾಗಿ, 1980ರಲ್ಲಿ ಹೆಸರುಗಳು ಕೈರೋದ ಹೀಲಿಯೋಪೊಲಿಸ್ ಸ್ಮಶಾನಕ್ಕೆ ಬಂದವು. ಆ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಕೃಷ್ಣ 'ಕಿಸ್ತ್ನಾ' ಆಗುತ್ತಿದ್ದ, ಊರಿನ ಹೆಸರುಗಳ ಗತಿಯೂ ಅಷ್ಟೇ. ಇಲ್ಲಿನ ಸಂಶೋಧಕರಿಗೆ ಅದನ್ನು ಬಿಡಿಸುವುದು ಕಷ್ಟ, ಕನ್ನಡದ ಕಿವಿಗೆ ಅಷ್ಟಿಲ್ಲ. ಚಳಿಗಾಲದಲ್ಲಿ ಆ ಪಟ್ಟಿಯನ್ನು ಕೂತು ಓದೋಣವೆಂದಿದ್ದೇವೆ. ಹಳೇ ಮೈಸೂರು ಕಡೆಯ ಹಳ್ಳಿಗಳ ಹೆಸರು ಬಲ್ಲವರು, ಅದರಲ್ಲೂ ನಿಮ್ಮ ಮನೆಗೆ ಬಂದಿರುವ ಅಪ್ಪ-ಅಮ್ಮಂದಿರು, ದಯವಿಟ್ಟು ಜೊತೆಯಾಗಿ.