ಕೂನ್ ಕ್ರೀಕ್‌ನ ದರೆಯಂಚಿನಿಂದ

ಕೂನ್ ವ್ಯಾಲಿ, ವಿಸ್ಕಾನ್ಸಿನ್
ನವೆಂಬರ್ 16

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಮನೆ ಮಾಲೀಕರ ಜೊತೆ ರಕೂನ್ ಹಿಡಿಯಲು ಹೋಗುತ್ತಿದ್ದೇನೆಂದು ಫೋನಿನಲ್ಲಿ ಹೇಳಿದಾಗ, ಅದು ಪುನುಗು ಬೆಕ್ಕಿನ ಜಾತಿಯೋ ಎಂದು ಕೇಳಿದ್ದಿರಿ. ಅಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡದ್ದರಿಂದ ಉತ್ತರ ಹಾಗೆಯೇ ಉಳಿಯಿತು. ಪುನುಗಲ್ಲ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ತೊಡಿಸಿದಂಥ ಗೆರೆಗಳಿರುವ ಈ ಪ್ರಾಣಿ, ಮುಸುಕಿನ ಜೋಳ ಹಾಲುಗಟ್ಟುವಾಗ ನಮ್ಮ ಕಾಡುಹಂದಿಯಂತೆಯೇ ಹೊಲಕ್ಕೆ ನುಗ್ಗುತ್ತದೆ.

ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಸವರಿ ಹೋದ ಹಿಮನದಿಗಳು ಈ ಭಾಗವನ್ನು ಮುಟ್ಟಲಿಲ್ಲವಾದ್ದರಿಂದ ಇಲ್ಲಿ ಎಲ್ಲೆಲ್ಲೂ ಕಡಿದಾದ ಗುಡ್ಡ ಮತ್ತು ಆಳವಾದ ಕೊರಕಲು. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಅಮೆರಿಕದ ಮೊದಲ ಜಲಾನಯನ ಯೋಜನೆ 1933ರಲ್ಲಿ ಆರಂಭವಾದದ್ದು ನಾವು ಬೋನು ಇಡುವ ಇದೇ ಕೂನ್ ಕ್ರೀಕ್ ಹಳ್ಳದ ಪಾತ್ರದಲ್ಲಿ. ಆದರೂ 2018ರ ಆಗಸ್ಟ್ ಪ್ರವಾಹಕ್ಕೆ ಮೇಲಿನ ಮೂರು ಒಡ್ಡುಗಳು ಒಡೆದವು. ಅಂದು ಬಂದು ಬಿದ್ದ ದಿಮ್ಮಿಗಳನ್ನು ನಾವು ಈಗಲೂ ಹತ್ತಿ ಇಳಿಯುತ್ತೇವೆ.

ಓಡಾಡಲು ಸಲೀಸಾದ ಬಯಲಿನಲ್ಲೇ ಬೋನು ಇಡಬಾರದೇಕೆಂದು ಮೊದಲ ದಿನ ಕೇಳಿದೆ. ಮಾಲೀಕರು ಮಾತಾಡದೆ ನನ್ನನ್ನು ಒಂದು ತಿರುವಿಗೆ ಕರೆದೊಯ್ದರು. ಬಯಲಿನಲ್ಲಿ ರಕೂನಿಗೆ ನೂರು ದಾರಿ. ದರೆ ನೇರವಾಗಿ ನೀರಿಗೆ ಇಳಿದಿರುವಲ್ಲಿ ಮಾತ್ರ ಅದಕ್ಕೂ ನಮ್ಮಂತೆಯೇ ಗೇಣಗಲದ ಕೆಸರಿನ ಅಂಚೊಂದೇ ಗತಿ. ಆ ಕೆಸರಿನಲ್ಲಿ, ಮಗುವೊಂದು ಅಂಗೈ ಊರಿ ನಡೆದಂತೆ ಐದೈದು ಬೆರಳಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು.

ಬೋನೆಂದರೆ ನೀವು ಊಹಿಸುವ ಪಂಜರವಲ್ಲ, ಸರಪಳಿ ಕಟ್ಟಿದ ಸಣ್ಣ ಉಕ್ಕಿನ ಕೊಳವೆ. ತಳಕ್ಕೆ ಮಾರ್ಷ್‌ಮೆಲೋ ಎಂಬ ಸಿಹಿ ತುರುಕುತ್ತಾರೆ. ರಕೂನ್ ಕೈ ತೂರಿಸಿ ಒಳಗಿನ ಕೊಕ್ಕೆಯನ್ನು ಎಳೆದೊಡನೆ ಸ್ಪ್ರಿಂಗು ಕೈಯನ್ನು ಹಿಡಿದುಬಿಡುತ್ತದೆ. ನಾಯಿಗೆ ಹಾಗೆ ಬೆರಳಾಡಿಸಿ ಎಳೆಯಲು ಬರುವುದಿಲ್ಲ, ಆದ್ದರಿಂದ ಅಕ್ಕಪಕ್ಕದವರ ನಾಯಿಗಳು ಸುರಕ್ಷಿತ. ಕೈಯಿಂದ ಉಜ್ಜುವುದು ಎಂಬ ಅರ್ಥದ ಮೂಲನಿವಾಸಿಗಳ ಮಾತಿನಿಂದಲೇ ರಕೂನ್ ಎಂಬ ಹೆಸರು ಬಂದಿದೆ. ಹೆಸರಾದ ಕೈಯೇ ಅದನ್ನು ಸಿಕ್ಕಿಸುತ್ತದೆ.

ಇಂಥ ಬೋನುಗಳನ್ನು ದಿನಕ್ಕೊಮ್ಮೆಯಾದರೂ ನೋಡಲೇಬೇಕೆಂಬುದು ಇಲ್ಲಿನ ಕಾನೂನು. ಹಾಗಾಗಿ ಗುಡ್ಡದಲ್ಲಿ ಎಷ್ಟು ಬೋನು ಇಡಬಹುದೆಂಬುದನ್ನು ಆಸೆಯಲ್ಲ, ಮೊಣಕಾಲು ನಿರ್ಧರಿಸುತ್ತದೆ. ಕಳೆದ ಮಂಗಳವಾರ ಹಿಮ ಹೆಪ್ಪುಗಟ್ಟಿದ ಬಂಡೆಯ ಮೇಲೆ ಜಾರಿ ಎದೆಯೆತ್ತರದ ರಬ್ಬರು ದಿರಿಸಿನೊಳಗೆ ನೀರು ತುಂಬಿಸಿಕೊಂಡೆ. ಅಮ್ಮನಿಗೆ ಇದನ್ನು ಓದಿ ಹೇಳಬೇಡಿ. ಸಿಕ್ಕದ್ದನ್ನು ಮಾಲೀಕರು ಸಣ್ಣ ಬಂದೂಕಿನಿಂದ ಒಂದೇ ಗುಂಡಿಗೆ ಕೊಲ್ಲುತ್ತಾರೆ. ನಾನು ಆಗ ಮುಖ ತಿರುಗಿಸುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದೆ ಚರ್ಮದ ದುಡ್ಡಿನಲ್ಲಿ ಚಳಿಗಾಲವೇ ಕಳೆಯುತ್ತಿತ್ತಂತೆ. ಈಗ ಪೆಟ್ರೋಲಿಗೂ ಸಾಲದೆಂದು ಅವರು ಗೊಣಗುತ್ತಾರೆ.

ನಮ್ಮಲ್ಲಿ ಉರುಳು ಹಾಕುವುದು ಅಪರಾಧವೆಂದು ಗೊತ್ತು, ಅದರ ಮಾತಲ್ಲ. ಆದರೆ ಮೇಲ್ತೋಟದ ಹಳ್ಳದಲ್ಲಿ ಹಂದಿ ದಾಟುವ ಕಡೆ ಎರಡೂ ಬದಿಯ ದರೆ ಎಷ್ಟೆತ್ತರವಿದೆ, ನಡುವೆ ಹೆಜ್ಜೆ ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿ ಬರೆಯಿರಿ. ತೋಟಕ್ಕೆಲ್ಲ ಬೇಲಿ ಸುತ್ತುವ ಬದಲು ಆ ಒಂದು ಕಂಡಿಯನ್ನು ಮುಚ್ಚಿದರೆ ಸಾಕಾದೀತೇನೋ.

ನಿಮ್ಮ ಮಗ