ಟ್ಯಾಬ್‌ನಲ್ಲಿದ್ದ ಲೆಕ್ಕ ವೈದ್ಯರ ಮೇಜಿಗೆ ಬರಲಿಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮ ಮನೆಯ ಗೂಟಕ್ಕೆ ಜವಳಿ ಅಂಗಡಿಯ ಚೀಲವೊಂದು ಜೋತುಬಿದ್ದಿರುತ್ತಿತ್ತು. ಅವ್ವನ 11 ವರ್ಷಗಳ ಬಿಪಿ, ಸಕ್ಕರೆ ಕಾಯಿಲೆಯೆಲ್ಲ ಅದರೊಳಗೆ: ಮಡಿಕೆಯಲ್ಲಿ ಹರಿದ ಚೀಟಿಗಳು, ಅಕ್ಷರ ಅಳಿಸಿಹೋದ ಲ್ಯಾಬ್ ವರದಿಗಳು, ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು. ಆಸ್ಪತ್ರೆಗೆ ಹೊರಟರೆ ಮೊದಲು ಚೀಲ, ಆಮೇಲೆ ಚಪ್ಪಲಿ.

ಕಳೆದ ಬೇಸಿಗೆಯಲ್ಲಿ ಆ ಚೀಲವನ್ನು ಬಸ್ಸಿನಲ್ಲೇ ಮರೆತು ಇಳಿದೆವು. ಎರಡು ಬಸ್ ಬದಲಿಸಿ, ಬಿಸಿಲಲ್ಲಿ ನಡೆದು, ಸಾಲಿನಲ್ಲಿ ನಿಂತು ಬಸವಳಿದಿದ್ದ ಅವ್ವನ ಬಿಪಿ 170 ದಾಟಿತ್ತು. ವೈದ್ಯರು ಹಳೆಯ ಚೀಟಿ ಕೇಳಿದರು, ಎಲ್ಲಿಂದ ತರುವುದು? ಗುಳಿಗೆ ಹೆಚ್ಚಿಸಿದರು. ಅವರನ್ನು ದೂರುವುದಿಲ್ಲ, ಅವರ ಮುಂದಿದ್ದದ್ದು ಅದೊಂದೇ ಅಂಕಿ. ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ತಲೆ ತಿರುಗಿ ಕುಸಿದಳು. ಬಿಪಿ 90ಕ್ಕೆ ಇಳಿದಿತ್ತು.

ಬೇಕಿದ್ದ ಲೆಕ್ಕವೆಲ್ಲ ಊರಲ್ಲೇ ಇತ್ತು, ಸ್ವಾಮಿ. 30 ವರ್ಷ ದಾಟಿದವರ ತಪಾಸಣೆಗೆ ಬರುವ ಉಪಕೇಂದ್ರದ ಸಿಸ್ಟರ್ ತಿಂಗಳಿಗೊಮ್ಮೆ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತುತ್ತಾರೆ. ಆರು ತಿಂಗಳಿಂದ 130ರ ಆಸುಪಾಸಿನಲ್ಲೇ ಇತ್ತು. ಅದನ್ನು ಮೊದಲು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕಪ್ಪತಗುಡ್ಡದ ಮಗ್ಗುಲಿನ ನಮ್ಮ ಊರಲ್ಲಿ ನೆಟ್‌ವರ್ಕ್ ಸಿಗದು. ಸಂಜೆ ಮುಖ್ಯ ರಸ್ತೆಗೆ ಬಂದ ಮೇಲೆ ಅದೇ ಅಂಕಿಗಳನ್ನು ಟ್ಯಾಬ್‌ಗೆ ತುಂಬುತ್ತಾರೆ. ಇಷ್ಟೆಲ್ಲ ದುಡಿದು ತುಂಬಿದ ಮಾಹಿತಿ ಮೇಲಕ್ಕೆ ಏರುತ್ತದೆ, ಪಕ್ಕದ ಆಸ್ಪತ್ರೆಗೆ ಮಾತ್ರ ಹೊರಳುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದಕ್ಕೆಂದೇ ಬಂದದ್ದು: ಪ್ರತಿಯೊಬ್ಬರ ಆರೋಗ್ಯ ಖಾತೆಗೆ ಕೊಡುವ 14 ಅಂಕಿಯ ಆಭಾ ಸಂಖ್ಯೆ ಇದ್ದರೆ, ರೋಗಿ ಒಪ್ಪಿದರೆ, ಒಂದೆಡೆಯ ದಾಖಲೆ ಇನ್ನೊಂದೆಡೆ ಕಾಣಬೇಕು. ಅವ್ವನ ಆಭಾ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿಟ್ಟಿದ್ದೇವೆ. ಆದರೆ ಒಪ್ಪಿಗೆಗೆ ಬೇಕಾದ ಒಟಿಪಿ ಹೋಗುವುದು ಗೋವಾದಲ್ಲಿ ಗಾರೆ ಕೆಲಸ ಮಾಡುವ ನನ್ನ ತಮ್ಮನ ಮೊಬೈಲಿಗೆ. ಕೆಲಸದ ಹೊತ್ತಿನಲ್ಲಿ ಅವನು ಫೋನ್ ಎತ್ತುವುದಿಲ್ಲ. ಅವ್ವ ಇಲ್ಲಿ, ಅವಳ ಒಪ್ಪಿಗೆ ಗೋವಾದಲ್ಲಿ!

ಮುಂದಿನ ತಾಲ್ಲೂಕು ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ ಎಷ್ಟು ಜನರ ನೋಂದಣಿ ಆಯಿತೆಂದು ದಯವಿಟ್ಟು ಕೇಳಬೇಡಿ. ಶೇಕಡಾವಾರು ಓದಿ ಕೂತುಬಿಡುತ್ತಾರೆ. ಕಳೆದ ತಿಂಗಳು ಬಂದ ರೋಗಿಗಳಲ್ಲಿ ಎಷ್ಟು ಜನರ ಹಳೆಯ ದಾಖಲೆಯನ್ನು ವೈದ್ಯರು ತೆರೆದು ನೋಡಿದರು ಎಂದು ಕೇಳಿ. ನೆಟ್‌ವರ್ಕ್ ಇಲ್ಲದಾಗ ಮಾಹಿತಿ ಹಿಡಿದಿಟ್ಟುಕೊಂಡು, ಸಿಕ್ಕಾಗ ತಾನೇ ಕಳುಹಿಸುವ ಆ್ಯಪ್ ಕೊಡಿಸಿ ಸಿಸ್ಟರ್ ಕೈಯಿಂದ ಆ ರಿಜಿಸ್ಟರ್ ಬಿಡಿಸಿ. ಫೋನಿಲ್ಲದವರಿಗೆ ಬೆರಳಚ್ಚೇ ಒಪ್ಪಿಗೆಯಾಗಲಿ. ಅದೆಲ್ಲ ತಡವಾಗುವುದಾದರೆ, ಬಸ್ ಕಂಡಕ್ಟರ್ ಬಳಿ ಇರುವಂಥ ಸಣ್ಣ ಯಂತ್ರವೊಂದನ್ನು ಟ್ಯಾಬ್‌ಗೆ ಜೋಡಿಸಿ. ಆರು ತಿಂಗಳ ಬಿಪಿ, ಸಕ್ಕರೆ, ನುಂಗುತ್ತಿರುವ ಗುಳಿಗೆಗಳ ಹೆಸರು ಕನ್ನಡದ ಒಂದು ಚೀಟಿಯಲ್ಲಿ ಬಂದರೆ ಸಾಕು. ಅಕ್ಷರ ಅಳಿಸುವಷ್ಟರಲ್ಲಿ ಮುಂದಿನ ತಿಂಗಳ ಚೀಟಿ ಬಂದಿರುತ್ತದೆ.

ಬರುವ ವಾರ ಅವ್ವನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಳೆದುಹೋದ ಚೀಲ ಸಿಗಲಿಲ್ಲ. ಗೂಟದ ಮೇಲಿನ ಹೊಸ ಚೀಲದಲ್ಲಿ ಈಗ ಮೂರು ಚೀಟಿಗಳಿವೆ.

ಇತಿ,
ಮುಂಡರಗಿ ತಾಲ್ಲೂಕಿನ ಒಬ್ಬ ಮತದಾರ