ಏಳನೇ ತರಗತಿಯ ಕಾವೇರಿ ಪ್ರವಾಸ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಎರಡು ವಾರದಿಂದ ಏಳನೇ ತರಗತಿ ಮಕ್ಕಳು ಮನೆಗೆ ಬಂದು "ಇವತ್ತು ತಲಕಾವೇರಿಗೆ ಹೋಗಿದ್ವಿ, ನಾಳೆ ಮೆಟ್ಟೂರು" ಅಂತ ಹೇಳುತ್ತಿದ್ದಾರಂತೆ. ಮೊನ್ನೆ ಒಬ್ಬರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಸಾರ್, ನಮಗೆ ಒಂದು ಮಾತು ಹೇಳದೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ?" ಎಂದು ಕೇಳಿಯೇಬಿಟ್ಟರು. ಎಲ್ಲಿಗೂ ಇಲ್ಲ. ಸ್ಮಾರ್ಟ್ ಕ್ಲಾಸ್ ಕೋಣೆಗೆ ಅಷ್ಟೇ.

ಸಮಾಜ ವಿಜ್ಞಾನದ ಮೇಡಂ, ಭೂಮಿಯನ್ನು ಆಕಾಶದಿಂದ ನೋಡಿದ ಹಾಗೆ ತೋರಿಸುವ ಗೂಗಲ್ ಅರ್ಥ್‌ನಲ್ಲಿ ಮಕ್ಕಳಿಂದ ಕಾವೇರಿ ಪ್ರವಾಸ ಮಾಡಿಸುತ್ತಿದ್ದಾರೆ. ತಲಕಾವೇರಿಯಿಂದ ತಮಿಳುನಾಡಿನ ಪೂಂಪುಹಾರ್‌ವರೆಗೆ, ಸುಮಾರು 800 ಕಿ.ಮೀ. ಮೂರು ಮೂರು ಮಕ್ಕಳಿಗೆ ಒಂದೊಂದು ಜಾಗ. ಭೂಪಟದಲ್ಲಿ ಆ ಜಾಗ ಹುಡುಕಿ ಗುರುತು ಹಾಕಬೇಕು, ಒಂದು ಫೋಟೋ ಸೇರಿಸಬೇಕು, ನಾಲ್ಕು ಸಾಲು ಬರೆಯಬೇಕು. ಎಲ್ಲವನ್ನೂ ಜೋಡಿಸಿ ಬಟನ್ ಒತ್ತಿದರೆ ಟಿವಿ ಪರದೆ ಹಾರಿಕೊಂಡು ಒಂದು ಊರಿಂದ ಇನ್ನೊಂದು ಊರಿಗೆ ಹೋಗುತ್ತದೆ. ಇರುವುದು ಒಂದೇ ಲ್ಯಾಪ್‌ಟಾಪ್. ನೆಟ್ ಕೈಕೊಟ್ಟರೆ ಮೇಡಂ ಮೊಬೈಲೇ ಗತಿ.

ಮೊದಲ ದಿನ ಯಾರಿಗೂ ಕಾವೇರಿ ಬೇಕಿರಲಿಲ್ಲ. "ನಮ್ಮ ಸ್ಕೂಲ್ ತೋರಿಸಿ ಮಿಸ್" ಅಂತ ಒಂದೇ ಗಲಾಟೆ. ತೋರಿಸಿದರು. ಆಗ ಹಿಂದಿನ ಬೆಂಚಿನಿಂದ ಒಬ್ಬಳು, "ಹುಣಸೆ ಮರ ಇನ್ನೂ ಇದೆ!" ಅಂತ ಕೂಗಿದಳು. ಹೋದ ಮಳೆಗಾಲದಲ್ಲಿ ಬಿದ್ದ ಮರ ನಿಮಗೂ ನೆನಪಿರಬೇಕು. ಪರದೆ ಮೇಲೆ ಅದು ದುಂಡಗೆ, ನೆರಳು ಚೆಲ್ಲಿಕೊಂಡು ನಿಂತಿತ್ತು. ಹೊಸ ಶೌಚಾಲಯ ಮಾತ್ರ ಇಲ್ಲ. ಆಕಾಶದಿಂದ ತೆಗೆದ ಚಿತ್ರ ಹಳೆಯದು, ಈಗ ನಡೆಯುತ್ತಿರುವುದನ್ನು ಅದು ತೋರಿಸುವುದಿಲ್ಲ ಅನ್ನುವುದನ್ನು ಮೇಡಂ ಬೇರೆ ಹೇಳಿಕೊಡಬೇಕಾಗಲಿಲ್ಲ.

ನಾನೂ ಎರಡು ಪೀರಿಯಡ್ ಹಿಂದೆ ಕೂತು ನೋಡಿದೆ. ತಲಕಾವೇರಿ ಮೇಲೆ ಬಾಣದ ಗುರುತು ಇಟ್ಟರೆ ಎತ್ತರ 1,200 ಮೀಟರ್ ದಾಟುತ್ತದೆ, ನಮ್ಮೂರ ಮೇಲೆ 650ರ ಆಸುಪಾಸು. ನೀರು ಯಾಕೆ ಈ ಕಡೆಗೇ ಬರುತ್ತದೆ ಅಂತ ಮಕ್ಕಳೇ ಹೇಳಿದರು. ಶಿವನಸಮುದ್ರದ ಗುಂಪಿನವರು ಇನ್ನೂ ಒಂದು ಹೆಜ್ಜೆ ಮುಂದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು ಅಂತ ಓದಿದ್ದರಲ್ಲ, ಅಳತೆ ಗೆರೆ ಎಳೆದು ನೋಡಿದರು. ನೇರ ಗೆರೆಯೇ 140 ಕಿ.ಮೀ. ಹತ್ತಿರ ಬಂತು. "ಅಷ್ಟು ದೂರ ಕಂಬ ನೆಟ್ರಾ ಸಾರ್?" ಅಂತ ನನ್ನನ್ನು ಕೇಳಿದರು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ಗಣಿಗಿಂತ ಆಮೇಲೆ ಅಂದಾಗ ಅವರಿಗೆ ಇನ್ನೂ ಆಶ್ಚರ್ಯ. ಮೂವತ್ತು ವರ್ಷ ನಾನು ಇದೇ ಪಾಠ ಮಾಡಿದ್ದೇನೆ, ಕಂಬದ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ.

ಈಗ ನಿಮ್ಮ ಕೆಲಸ. ನಮ್ಮ ಸುತ್ತಮುತ್ತಲ ಎಷ್ಟೋ ಜಾಗಗಳ ಹೆಸರು ಭೂಪಟಕ್ಕೆ ಗೊತ್ತೇ ಇಲ್ಲ. ಕೆರೆ ಇದ್ದಲ್ಲಿ ಬರೀ ನೀಲಿ ಬಣ್ಣ. ಕೆಲವು ಕಡೆ ಹೆಸರಿದ್ದರೂ ತಪ್ಪು ಕಾಗುಣಿತ. ಹೊಳೆಯ ಮಡುಗಳು, ದನ ಇಳಿಸುವ ಜಾಗ, ಹಳೇ ಕಾಲುವೆ, ತೋಪು, ಇವಕ್ಕೆಲ್ಲ ನಿಮ್ಮ ಮನೆಯ ಅಜ್ಜ ಅಜ್ಜಿಯರ ಹತ್ತಿರ ಹೆಸರಿದೆ. ಮಕ್ಕಳು ನೋಟ್‌ಬುಕ್ ಹಿಡಿದು ಕೇಳಲು ಬರುತ್ತಾರೆ. ದಯವಿಟ್ಟು "ಹೋಗೋ ಆಚೆ, ಓದ್ಕೋ" ಅನ್ನಬೇಡಿ. ಇದೇ ಓದು.

ತಲಕಾಡಿನ ಗುಂಪಿಗೆ ಜಾಸ್ತಿ ಸಹಾಯ ಬೇಕು. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಮೇಲಿಂದ ನೋಡಿದರೆ ಮರಳ ದಿಬ್ಬದ ಮೇಲೆ ಮರ ಬೆಳೆದು ಎಷ್ಟೋ ಕಡೆ ಹಸಿರೇ ಕಾಣುತ್ತದೆ. "ಮರಳೆಲ್ಲಿ?" ಅಂತ ಮಕ್ಕಳು ಮುಖ ಮುಖ ನೋಡಿಕೊಂಡರು. 2020ರಲ್ಲಿ ತಲಕಾಡಿನ ಐದು ಶಿವ ದೇವಾಲಯಗಳ ಪಂಚಲಿಂಗ ದರ್ಶನಕ್ಕೆ ಹೋದವರ ಫೋನಿನಲ್ಲಿ ಮರಳಿನ ಫೋಟೋ ಇದ್ದರೆ ಕಳಿಸಿ. ಮಕ್ಕಳ ಮುಖ ಇರುವ ಫೋಟೋ ಬೇಡ.

ಅದಕ್ಕೆ ಕಾರಣ ಇದೆ. ಒಬ್ಬ ಹುಡುಗ ಉತ್ಸಾಹದಲ್ಲಿ ತನ್ನ ಮನೆ ಮೇಲೆ ಗುರುತು ಹಾಕಿ, ಅಪ್ಪನ ಫೋನ್ ನಂಬರನ್ನೂ ಬರೆದಿದ್ದ. ಅವತ್ತೇ ಅಳಿಸಿದೆವು. ಈಗ ಮನೆ, ಹೆಸರು, ನಂಬರ್ ಯಾವುದೂ ಹಾಕುವಂತಿಲ್ಲ. ಎಲ್ಲ ಕೆಲಸ ಶಾಲೆಯ ಖಾತೆಯಲ್ಲೇ, ಮೇಡಂ ಎದುರಿಗೇ. ಆದ್ದರಿಂದ "ಸ್ಕೂಲ್ ಕೆಲಸ, ಮೊಬೈಲ್ ಕೊಡಿ" ಅಂತ ಯಾರಾದರೂ ಮನೆಯಲ್ಲಿ ಕೇಳಿದರೆ ಸುಮ್ನೆ ನಂಬಬೇಡಿ. ಮನೆಗೆ ಕೊಟ್ಟಿರುವುದು ನೋಟ್‌ಬುಕ್ ಕೆಲಸ ಮಾತ್ರ.

ಹಾಗಾದರೆ ಈ ವರ್ಷ ನಿಜವಾದ ಪ್ರವಾಸ ಇಲ್ವಾ ಅಂತ ಕೇಳುತ್ತಿದ್ದೀರಿ. ಇದೆ. ಶಿವನಸಮುದ್ರಕ್ಕೆ ಒಂದು ದಿನ ಹೋಗುತ್ತೇವೆ. ನೀರಿನ ತುಂತುರು ಮುಖಕ್ಕೆ ಹೊಡೆಯುವುದನ್ನು ಯಾವ ಟಿವಿಯೂ ಕೊಡುವುದಿಲ್ಲ, ಅಲ್ವಾ? ತಾರೀಕು, ಖರ್ಚು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಮಾತಾಡೋಣ.

ತಿಂಗಳ ಕೊನೇ ಶನಿವಾರ ಬೆಳಗ್ಗೆ ಮಕ್ಕಳು ತಮ್ಮ ಪ್ರವಾಸ ತೋರಿಸುತ್ತಾರೆ. ಹಿರಿಯರನ್ನು ತಪ್ಪದೆ ಕರೆತನ್ನಿ, ಹೆಸರು ತಪ್ಪಿದ್ದರೆ ಅಲ್ಲೇ ತಿದ್ದಿಸಬಹುದು. ಕುರ್ಚಿ ಕಮ್ಮಿ ಇವೆ, ಚಾಪೆ ಹಾಸಿರುತ್ತೇವೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ